ನಲ್ಲಿಗೆ ಕಟ್ಟಿದ ದಾರ

“ಮೆಲ್ಲಗೆ ಕಣೇ! ಸ್ಟೂಲ್ ಎಳೀಬೇಡ, ಎತ್ತಿಡು,” ಎಂದು ಅಮ್ಮ ಪಿಸುಗುಟ್ಟಿದಳು.

ಬುಗುರಿ ಸ್ಟೂಲನ್ನು ಎತ್ತಿ ಸಿಂಕಿನ ಮುಂದೆ ಇಟ್ಟು ಹತ್ತಿ ನಿಂತಳು. ಅಡುಗೆಮನೆಯ ನಲ್ಲಿಗೆ ಕಟ್ಟಿದ್ದ ದಾರ ಪಾತ್ರೆ ತೊಳೆಯುವಾಗ ಬಿಚ್ಚಿಹೋಗಿತ್ತು. ಹನಿಗಳು ನೇರವಾಗಿ ಸ್ಟೀಲಿನ ಸಿಂಕಿಗೆ ಬೀಳುತ್ತಿದ್ದವು.

ಟಪ್. ಟಪ್. ಟಪ್.

ಅವಳು ಗಡಿಬಿಡಿಯಲ್ಲಿ ನಲ್ಲಿಯ ಬಾಯಿಗೆ ಹೊಸ ದಾರ ಸುತ್ತಿ ಎರಡು ಗಂಟು ಹಾಕಿದಳು. ಉದ್ದನೆಯ ತುದಿಯನ್ನು ಸಿಂಕಿನ ತೂತಿನವರೆಗೆ ಇಳಿಬಿಟ್ಟಳು. ಈಗ ನೀರು ದಾರ ಹಿಡಿದುಕೊಂಡು ಸದ್ದಿಲ್ಲದೆ ಕೆಳಗಿಳಿಯತೊಡಗಿತು. ನಲ್ಲಿ ಸೋರುವುದೇನೂ ನಿಂತಿರಲಿಲ್ಲ. ಅದರ ಬಾಯಿ ಮಾತ್ರ ಕಟ್ಟಿತ್ತು.

ಅಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ಬುಗುರಿ ನಡುಮನೆಗೆ ಹೋದಳು. ಅಜ್ಜ ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಅಜ್ಜ, ಏನಾದ್ರೂ ಸದ್ದು ಕೇಳಿಸ್ತಿದೆಯಾ?”

ಅಜ್ಜ ಅವಳನ್ನು ನೋಡಿದ. ಈಗೀಗ ಅವನ ಮಾತು ಹೊರಗೆ ಬರಲು ಸ್ವಲ್ಪ ಹೊತ್ತು ಬೇಕು.

“ಏನೂ... ಕೇಳಿಸ್ತಿಲ್ಲ ಮಗು.”

ಬುಗುರಿ ಉಸಿರು ಬಿಟ್ಟಳು. ಇವತ್ತಿನ ಪರೀಕ್ಷೆ ಪಾಸು.

ಮನೆಯವರೆಲ್ಲ ಸೇರಿ ಒಂದು ಸೋರುವ ನಲ್ಲಿಯನ್ನು ಕಳ್ಳನನ್ನು ಅಡಗಿಸಿದ ಹಾಗೆ ಅಡಗಿಸುವುದು ಯಾಕೆ ಎಂದು ಯಾರಾದರೂ ಕೇಳಬಹುದು. ಯಾಕೆಂದರೆ ಅಜ್ಜ ಪ್ಲಂಬರ್. ಒಂದೆರಡು ವರ್ಷವಲ್ಲ, ನಲವತ್ತು ವರ್ಷ. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ‘ನಲ್ಲಿ ಡಾಕ್ಟರ್’ ಎಂದು. ಅವನ ಕಿವಿ ಎಷ್ಟು ಚುರುಕೆಂದರೆ, ಗೇಟಿನ ಹತ್ತಿರ ನಿಂತೇ “ನಿಮ್ಮ ಬಾತ್‌ರೂಮಿನ ನಲ್ಲಿ ಸೋರ್ತಿದೆಯಲ್ಲಮ್ಮ” ಎನ್ನುತ್ತಿದ್ದ. ಒಂದು ಜಾಗದಲ್ಲಿ ನಿಲ್ಲದ ಮೊಮ್ಮಗಳಿಗೆ ‘ಬುಗುರಿ’ ಎಂದು ಹೆಸರಿಟ್ಟವನೂ ಅವನೇ.

ಆಗೆಲ್ಲ ಅವನು ಎದೆ ತಟ್ಟಿಕೊಂಡು ಒಂದು ಮಾತು ಹೇಳುತ್ತಿದ್ದ. “ಈ ಮನೆಗೆ ಇನ್ನೊಬ್ಬ ಪ್ಲಂಬರ್ ಬಂದ ಅಂದ್ರೆ, ನಾನಿಲ್ಲ ಅಂತ ಲೆಕ್ಕ!” ಎಲ್ಲರೂ ನಗುತ್ತಿದ್ದರು.

ಐದು ತಿಂಗಳ ಹಿಂದೆ ಅಜ್ಜನಿಗೆ ಸ್ಟ್ರೋಕ್ ಆಯಿತು. ಕಾಲು ಮೆಲ್ಲಗೆ ಸರಿಹೋಯಿತು. ಮಾತೂ ತಕ್ಕಮಟ್ಟಿಗೆ ಬಂತು. ಬಲಗೈ ಮಾತ್ರ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಆದರೂ ಅವನು ಒಂದು ದಿನ ಯಾರಿಗೂ ಹೇಳದೆ ಬಾತ್‌ರೂಮಿನ ಪೈಪ್ ಬಿಚ್ಚಲು ಹೋದ. ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಶಾಲೆಯಿಂದ ಬಂದ ಬುಗುರಿ ಬಾಗಿಲ ಸಂದಿಯಿಂದ ನೋಡಿದಾಗ ಅಜ್ಜ ಒದ್ದೆ ನೆಲದ ಮೇಲೆ ಕೂತು ಅಳುತ್ತಿದ್ದ. ದೊಡ್ಡವರು ಹಾಗೆ ಅಳುವುದನ್ನು ಅವಳು ನೋಡಿರಲಿಲ್ಲ. ಅವಳಿಗೆ ಭಯವಾಯಿತು. ಆವತ್ತೇ ಅಮ್ಮ ಅಜ್ಜನ ಸಾಮಾನಿನ ಚೀಲವನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿದಳು.

ಅಡುಗೆಮನೆಯ ನಲ್ಲಿಗೆ ಇದೆಲ್ಲ ಎಲ್ಲಿ ಗೊತ್ತು? ಅದು ಹನ್ನೊಂದು ದಿನದ ಹಿಂದೆ ಸೋರಲು ಶುರುಮಾಡಿತು. ಅಜ್ಜನಿಗೆ ಕೇಳಿಸಿದರೆ ಎದ್ದು ಬರುತ್ತಾನೆ, ಮತ್ತೆ ಅದೇ ಕತೆ. ಅದಕ್ಕೇ ಅಮ್ಮ ನಲ್ಲಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ತಿರುಗಿಸಿದಳು. ಅಪ್ಪ ಬಟ್ಟೆ ಸುತ್ತಿ ಇನ್ನೂ ಬಿಗಿ ಮಾಡಿದ. ಬುಗುರಿ ಹೋದಾಗ ಬಂದಾಗ ಒಂದು ಸಲ ತಿರುಚಿದಳು. ಬಿಗಿ ಮಾಡಿದಷ್ಟೂ ನಲ್ಲಿ ಜಾಸ್ತಿ ಸೋರಿತು. ಕೊನೆಗೆ ದಾರ ಬಂತು.

“ಇಲ್ಲಿ ಕೇಳು,” ಅಮ್ಮ ಬುಗುರಿಯ ಜಡೆ ಹಾಕುತ್ತ ಕಿವಿಯ ಹತ್ತಿರ ಹೇಳಿದಳು. “ಇವತ್ತು ನಾಲ್ಕು ಗಂಟೆಗೆ ಪ್ಲಂಬರ್ ಬರ್ತಾರೆ. ಮೂರೂವರೆಗೆ ಅಪ್ಪ ವ್ಯಾನ್ ತಂದು ಅಜ್ಜನ್ನ ಎಕ್ಸರ್‌ಸೈಜಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಪಕ್ಕದ ಮನೆ ಆಂಟಿ ಬಂದು ನಿನ್ನ ಜೊತೆ ಇರ್ತಾರೆ. ಅಜ್ಜ ವಾಪಸ್ ಬರೋಷ್ಟರಲ್ಲಿ ಎಲ್ಲ ಮುಗಿದಿರಬೇಕು. ತುಟಿ ಪಿಟಕ್ ಅನ್ಬೇಡ.”

ಬುಗುರಿ ಗಕ್ಕನೆ ತಿರುಗಿದಳು. ಜಡೆ ಅಮ್ಮನ ಕೈಯಿಂದ ಜಾರಿತು.

“ಬೇರೆ ಪ್ಲಂಬರ್ರಾ? ನಮ್ಮನೆಗಾ?”

“ಇನ್ನೇನು ಮಾಡೋದು ಹೇಳು?”

ಶನಿವಾರ ಅರ್ಧ ದಿನವೇ ಶಾಲೆ. ಆ ಅರ್ಧ ದಿನದಲ್ಲಿ ಮಿಸ್ ಏನು ಪಾಠ ಮಾಡಿದರು ಎಂದು ಕೇಳಿದರೆ ಬುಗುರಿ ಹೇಳಲಾರಳು. ಅವಳ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಇನ್ನೊಬ್ಬ ಪ್ಲಂಬರ್ ಬಂದ ಅಂದ್ರೆ, ನಾನಿಲ್ಲ ಅಂತ ಲೆಕ್ಕ. ಆಗ ಅದು ತಮಾಷೆ. ಈಗ ಅಜ್ಜ ದಿನಕ್ಕೆ ನಾಲ್ಕು ಬಣ್ಣದ ಮಾತ್ರೆ ನುಂಗುತ್ತಾನೆ. ಈಗ ಅದು ತಮಾಷೆಯಾಗಿ ಕೇಳುತ್ತಿರಲಿಲ್ಲ.

ಪ್ಲಂಬರ್ ಬರುವುದರೊಳಗೆ ನಲ್ಲಿ ಸರಿಯಾಗಿಬಿಟ್ಟರೆ? ಅವನು ಬರುವುದೇ ಬೇಡವಲ್ಲ!

ಒಂದೂವರೆಗೆ ಅಮ್ಮ ಊಟ ಬಡಿಸಿ, ತಾನು ಕೆಲಸ ಮಾಡುವ ಔಷಧದ ಅಂಗಡಿಗೆ ಹೊರಟಳು. ಅಜ್ಜ ಮಂಚದ ಮೇಲೆ ಕಣ್ಣು ಮುಚ್ಚಿದ. ಬುಗುರಿ ಬೆಕ್ಕಿನ ಹೆಜ್ಜೆ ಇಟ್ಟು ಅಡುಗೆಮನೆಗೆ ಹೋದಳು. ಸ್ಟೂಲಿನಿಂದ ಅಡುಗೆ ಕಟ್ಟೆಗೆ ಹತ್ತಿದಳು. ತುದಿಗಾಲಲ್ಲಿ ನಿಂತು ಅಟ್ಟದ ಮೇಲಿನ ಚೀಲದೊಳಗೆ ಕೈ ತೂರಿಸಿದಳು. ಚೀಲ ಅಲ್ಲಾಡಲಿಲ್ಲ. ಕೈಗೆ ಸಿಕ್ಕಿದ್ದು ಒಂದು ಉದ್ದನೆಯ ಸ್ಪ್ಯಾನರ್. ಅದರ ಹಿಡಿಗೆ ಅಜ್ಜ ಸುತ್ತಿದ್ದ ಕಪ್ಪು ಟೇಪು ಅಲ್ಲಲ್ಲಿ ಸವೆದಿತ್ತು.

ಕೈಯಲ್ಲಿ ಬಿಗಿ ಮಾಡಿದರೆ ನಿಲ್ಲದ ನೀರು ಸ್ಪ್ಯಾನರಿನಲ್ಲಿ ಬಿಗಿ ಮಾಡಿದರೆ ನಿಲ್ಲಲೇಬೇಕು. ಹಾಗಂತ ಅವಳ ಲೆಕ್ಕ. ನಲ್ಲಿಯ ಹಿಡಿಗೆ ಸ್ಪ್ಯಾನರ್ ಕಚ್ಚಿಸಿ, ಹಲ್ಲು ಕಚ್ಚಿ, ಇಡೀ ಮೈಭಾರ ಹಾಕಿ ಎಳೆದಳು.

ಒಳಗೆ ಏನೋ ಹರಿದ ಹಾಗಾಯಿತು.

ದಾರ ಕಿತ್ತು ಹಾರಿತು. ಹನಿಹನಿಯಾಗಿ ಬರುತ್ತಿದ್ದ ನೀರು ಬೆರಳು ಗಾತ್ರದ ಧಾರೆಯಾಗಿ ಸುರಿಯಿತು. ಅವಳು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಧಾರೆ ನಿಲ್ಲಲಿಲ್ಲ. ಅಂಗೈಯಿಂದ ಮುಚ್ಚಿದರೆ ಮುಖಕ್ಕೇ ಎರಚಿತು.

“ಬುಗುರಿ!”

ನಡುಮನೆಯಿಂದ ಅಜ್ಜನ ದನಿ. ಐದು ತಿಂಗಳಲ್ಲಿ ಅಷ್ಟು ಗಟ್ಟಿಯಾಗಿ ಅದು ಬಂದಿರಲಿಲ್ಲ.

“ಹಿಂದಿನ ಬಾಗಿಲು... ಕೆಂಪು ವಾಲ್ವ್. ಬಲಕ್ಕೆ ತಿರುಗಿಸು. ಓಡು!”

ಅವಳು ಓಡಿದಳು. ಹಿತ್ತಿಲ ಗೋಡೆಯ ಬುಡದಲ್ಲಿ ಕೆಂಪು ಬಣ್ಣದ ಸಣ್ಣ ಚಕ್ರ ಇತ್ತು. ಎರಡೂ ಕೈಯಲ್ಲಿ ತಿರುಗಿಸಿದಳು. ಒಳಗೆ ನೀರಿನ ಸದ್ದು ಸಣ್ಣದಾಯಿತು, ಆಮೇಲೆ ನಿಂತಿತು.

ಅವಳು ವಾಪಸ್ ಬಂದಾಗ ಅಜ್ಜ ಕೋಲು ಊರಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ನೆಲದ ಮೇಲಿನ ನೀರನ್ನು ನೋಡಿದ. ಸ್ಪ್ಯಾನರನ್ನು ನೋಡಿದ. ಸಿಂಕಿನಲ್ಲಿ ಬಿದ್ದಿದ್ದ ದಾರವನ್ನು ಎಡಗೈಯಲ್ಲಿ ಎತ್ತಿಕೊಂಡ.

“ಹನ್ನೊಂದು ದಿನ,” ಎಂದ.

“ನಿನಗೆ... ಗೊತ್ತಿತ್ತಾ?”

“ಮೊದಲನೇ ದಿನಾನೇ ಕೇಳಿಸ್ತು. ಮೂರನೇ ದಿನ ಸದ್ದು ನಿಂತ್ಹೋಯ್ತು. ಯಾರೂ ರಿಪೇರಿ ಮಾಡ್ಲಿಲ್ಲ. ಸೋರೋ ನಲ್ಲಿ ತಾನಾಗಿ ಸುಮ್ಮನಾಗಲ್ಲ ಮಗು. ಯಾರೋ ದಾರ ಕಟ್ಟಿದಾರೆ ಅಂದ್ಕೊಂಡೆ.”

“ಮತ್ತೆ ದಿನಾ ಕೇಳಿದಾಗ ಏನೂ ಕೇಳಿಸ್ತಿಲ್ಲ ಅಂತಿದ್ದೆ!”

ಅಜ್ಜ ಸ್ಟೂಲಿನ ಮೇಲೆ ಕೂತ. ಹೇಳಬೇಕಾದ ಮಾತನ್ನು ಹುಡುಕಿದ.

“ನೀವೆಲ್ಲ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ಮತ್ತೆ... ನನಗೂ ಹೆದರಿಕೆ. ಎದ್ದು ಬಂದು ಕೈ ಹಾಕಿ, ಆಗದೇ ಹೋದ್ರೆ? ಅದಕ್ಕೇ ಕಿವಿ ಕೇಳಿಸದವನ ಹಾಗೆ ಬಿದ್ಕೊಂಡಿದ್ದೆ.”

ಇಷ್ಟು ದಿನ ತಾವೇ ಅಜ್ಜನನ್ನು ಕಾಪಾಡುತ್ತಿದ್ದೇವೆ ಎಂದು ಬುಗುರಿ ಅಂದುಕೊಂಡಿದ್ದಳು. ಅವನು ಅಲ್ಲಿ ಒಬ್ಬನೇ ಮಲಗಿ ದಾರದ ಮೌನವನ್ನೂ ಕೇಳಿಸಿಕೊಳ್ಳುತ್ತಿದ್ದ. ತಡೆದಿಟ್ಟಿದ್ದ ಅಳು ಒಮ್ಮೆಲೇ ಹೊರಗೆ ಬಂತು.

“ನಾಲ್ಕು ಗಂಟೆಗೆ ಪ್ಲಂಬರ್ ಬರ್ತಾನೆ ಅಜ್ಜ! ಅಮ್ಮ ಕರೆದಿದಾಳೆ. ಅವನು ಬಂದ್ರೆ ನೀನಿಲ್ಲ ಅಂತ ಲೆಕ್ಕ ಅಲ್ವಾ? ನೀನೇ ಹೇಳ್ತಿದ್ದೆ! ಅದಕ್ಕೇ ನಾನು ಮೊದಲೇ ಸರಿ ಮಾಡೋಣ ಅಂತ...”

ಅಜ್ಜ ಅವಳ ಒದ್ದೆ ಜಡೆಯನ್ನು ಎಡಗೈಯಲ್ಲಿ ಹಿಡಿದು ಹತ್ತಿರ ಎಳೆದುಕೊಂಡ.

“ಅದು ತಮಾಷೆಗೆ ಅಂದದ್ದು ಕಣೇ.”

“ಬರೀ ತಮಾಷೆಗಾ?”

ಅಜ್ಜ ಸುಳ್ಳು ಹೇಳಲಿಲ್ಲ. “ಅರ್ಧ,” ಎಂದ.

ಆಮೇಲೆ ಗಡಿಯಾರ ನೋಡಿದ. ಎರಡೂಕಾಲು.

“ಮುಖ ಒರೆಸ್ಕೋ. ಒಂದು ಬಟ್ಟೆ ತಗೊಂಡು ಸಿಂಕಿನ ತೂತಿಗೆ ತುರುಕು. ಸಣ್ಣ ಸಾಮಾನು ಬಿದ್ರೆ ದೇವರಿಗೂ ಸಿಗಲ್ಲ. ಇನ್ನೊಂದು ಬಟ್ಟೆ ನಟ್ಟಿಗೆ ಸುತ್ತು. ಇಲ್ಲಾಂದ್ರೆ ಹಿತ್ತಾಳೆ ಗೀಚಿಹೋಗತ್ತೆ.”

ಬುಗುರಿ ಕಟ್ಟೆ ಹತ್ತಿ ಕೂತು, ಹೇಳಿದ ಹಾಗೆ ಮಾಡಿದಳು. ನಲ್ಲಿಯ ಹಿಡಿಯ ಕೆಳಗೆ ಆರು ಮೂಲೆಯ ದೊಡ್ಡ ನಟ್ ಇತ್ತು. ಅದನ್ನು ಬಿಚ್ಚಿದರೆ ನಲ್ಲಿಯ ತಲೆ ಹೊರಗೆ ಬರುತ್ತದೆ. ಅಜ್ಜ ಎಡಗೈಯಲ್ಲಿ ನಲ್ಲಿಯ ಕತ್ತನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಈಗ ಎಡಕ್ಕೆ. ಸ್ಪ್ಯಾನರಿನ ತುದಿ ಹಿಡ್ಕೋ. ಹತ್ತಿರ ಹಿಡಿದ್ರೆ ಶಕ್ತಿ ಬೇಕು, ದೂರ ಹಿಡಿದ್ರೆ ಬುದ್ಧಿ ಸಾಕು.”

ಅವಳು ತುದಿ ಹಿಡಿದು ಎಳೆದಳು. ನಟ್ ಕದಲಲಿಲ್ಲ. ಅಜ್ಜ ಹೇಳಿದಂತೆ ಫ್ಲಾಸ್ಕಿನ ಬಿಸಿನೀರು ಹುಯ್ದು ಎಳೆದಳು. ಸುತ್ತಲೂ ಮೆಲ್ಲಗೆ ತಟ್ಟಿ ಎಳೆದಳು. ಅಂಗೈ ಕೆಂಪಾಯಿತು. ಅಜ್ಜನ ಹಣೆಯಲ್ಲಿ ಬೆವರು ಮೂಡಿತು. ಒಂದು ಸಲ ಅವನ ಬಲಗೈ ತೊಡೆಯ ಮೇಲಿಂದ ಎರಡು ಇಂಚು ಎದ್ದು, ಮತ್ತೆ ಬಿತ್ತು. ಬುಗುರಿ ನೋಡದವಳ ಹಾಗೆ ಮುಖ ತಿರುಗಿಸಿದಳು.

ಅಷ್ಟರಲ್ಲಿ ಬೆಲ್ ಆಯಿತು.

ಬಾಗಿಲಲ್ಲಿ ಎತ್ತರದ ಮನುಷ್ಯನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ. “ಪ್ಲಂಬರ್. ಇಲ್ಲೇ ಹತ್ತಿರ ಕೆಲಸ ಬೇಗ ಮುಗೀತು, ಅದಕ್ಕೆ ಬಂದ್ಬಿಟ್ಟೆ. ಅಮ್ಮ ಇಲ್ವಾ?”

ಬುಗುರಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಅವಳ ತಲೆ ಅವನ ಚೀಲದ ಎತ್ತರಕ್ಕೂ ಬರುತ್ತಿರಲಿಲ್ಲ.

“ಬೇಡ. ನೀವು ಹೋಗಿ. ನಮ್ಮನೇಲಿ ಪ್ಲಂಬರ್ ಇದ್ದಾರೆ.”

“ಅಯ್ಯೋ, ಮತ್ತೆ ನನ್ನ ಯಾಕೆ ಕರೆದ್ರು?”

“ತಪ್ಪಿ ಕರೆದ್ರು. ಹೋಗಿ ಅಂದ್ನಲ್ಲ!”

ಒಳಗಿಂದ ದನಿ ಬಂತು. “ಬುಗುರಿ. ಅವರನ್ನ ಒಳಗೆ ಬಿಡು.”

ಅವಳು ಕೈ ಇಳಿಸಲಿಲ್ಲ.

“ಬಿಡು ಮಗು. ನಾನೇ ಹೇಳ್ತಿದೀನಿ.”

ಕೈ ತಾನಾಗಿ ಕೆಳಗೆ ಬಂತು. ಪ್ಲಂಬರ್ ಚಪ್ಪಲಿ ಬಿಟ್ಟು ಒಳಗೆ ಹೋದ. ನಲ್ಲಿ ನೋಡಿದವನೇ ತಲೆ ಅಲ್ಲಾಡಿಸಿದ.

“ಇದು ಯಾವ ಕಾಲದ್ದು! ಕಿತ್ತು ಬಿಸಾಕಿ ಹೊಸದು ಹಾಕ್ತೀನಿ ಯಜಮಾನ್ರೇ. ಹತ್ತು ನಿಮಿಷದ ಕೆಲಸ.”

“ಬೇಡಪ್ಪ,” ಎಂದ ಅಜ್ಜ. ಸ್ವಲ್ಪ ಹೊತ್ತು ನಲ್ಲಿಯನ್ನೇ ನೋಡಿದ. ಮುಂದಿನ ಮಾತು ಅವನಿಗೆ ಸ್ಟ್ರೋಕಿನಿಂದ ತಡವಾದದ್ದಲ್ಲ. “ಈ ನಟ್ ಒಂದು... ಸಡಿಲ ಮಾಡಿಕೊಡು. ನನ್ನ ಕೈಲಿ ಆಗ್ತಿಲ್ಲ.”

ನನ್ನ ಕೈಲಿ ಆಗ್ತಿಲ್ಲ. ಬುಗುರಿ ಹುಟ್ಟಿದಾಗಿನಿಂದ ಅಜ್ಜನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅವಳು ಹೆದರಿ ಅವನ ಮುಖ ನೋಡಿದಳು. ಅಜ್ಜ ಅಲ್ಲೇ ಇದ್ದ. ಸ್ಟೂಲಿನ ಮೇಲೆ, ಒದ್ದೆ ಅಂಗಿಯಲ್ಲಿ, ಎಡಗೈಯಲ್ಲಿ ನಲ್ಲಿಯ ಕತ್ತು ಹಿಡಿದುಕೊಂಡು. ಏನೂ ಆಗಿರಲಿಲ್ಲ. ಅಜ್ಜ ಇದ್ದ.

ಪ್ಲಂಬರ್ ಆ ಎಡಗೈಯ ಹಿಡಿತ ನೋಡಿದ. ತೊಡೆಯ ಮೇಲಿನ ಬಲಗೈ ನೋಡಿದ. ನಟ್ಟಿಗೆ ಸುತ್ತಿದ ಬಟ್ಟೆ, ಸಿಂಕಿಗೆ ತುರುಕಿದ ಬಟ್ಟೆ, ಎಲ್ಲ ನೋಡಿದ. ಹೊಸ ನಲ್ಲಿಯ ಮಾತು ಮತ್ತೆ ಎತ್ತಲಿಲ್ಲ.

“ನೀವು ಕೈ ತೆಗೀಬೇಡಿ. ಹಾಗೇ ಹಿಡ್ಕೊಂಡಿರಿ,” ಎಂದ. ಅಜ್ಜನ ಸ್ಪ್ಯಾನರನ್ನೇ ತೆಗೆದುಕೊಂಡ. ಒಂದು ಸಲ ಉಸಿರು ಬಿಗಿಹಿಡಿದು ಎಳೆದ. ನಟ್ ಕಿರ್ರ್ ಎಂದು ಕದಲಿತು.

“ಅಷ್ಟೇನಾ?”

“ಅಷ್ಟೇ. ಇನ್ನು ನಾವು ನೋಡ್ಕೋತೀವಿ,” ಎಂದ ಅಜ್ಜ. ಆಮೇಲೆ ಅಟ್ಟದ ಕಡೆ ಗಲ್ಲ ಎತ್ತಿ ತೋರಿಸಿದ. “ಹಾಂ, ನೀನು ಉದ್ದ ಇದ್ದೀಯ. ಆ ಚೀಲ ಒಂದು ಇಳಿಸಿಕೊಡು.”

ಪ್ಲಂಬರ್ ಚೀಲ ಇಳಿಸಿ ಅಜ್ಜನ ಕಾಲ ಬಳಿ ಇಟ್ಟ. ಬಾಗಿಲ ಹತ್ತಿರ ಹೋದವನು ಬುಗುರಿಯ ಕಡೆ ಬಗ್ಗಿ ಹೇಳಿದ, “ನೀನು ಹೇಳಿದ್ದು ಸರಿ ಪುಟ್ಟಿ. ಇದ್ದಾರೆ.”

ಚೀಲದಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ತುಂಬ ವಾಷರುಗಳು, ನಲ್ಲಿಯೊಳಗೆ ನೀರು ತಡೆಯುವ ಬಿಲ್ಲೆಗಳು. ಬುಗುರಿ ನಟ್ ಪೂರ್ತಿ ತಿರುಗಿಸಿ ನಲ್ಲಿಯ ತಲೆಯನ್ನು ಹೊರಗೆ ತೆಗೆದಳು. ಅದರ ಬುಡದಲ್ಲಿ ರಬ್ಬರಿನ ಪುಟ್ಟ ವಾಷರ್ ಎರಡು ಹೋಳಾಗಿ ನೇತಾಡುತ್ತಿತ್ತು. ಕಡಲೆಕಾಳಿನಷ್ಟು ತೂಕವೂ ಇರಲಿಲ್ಲ.

“ನಾವು ಬಿಗಿ ಮಾಡಿ ಮಾಡಿ ಹರಿದದ್ದಾ ಅಜ್ಜ?”

“ಹೂಂ. ಬರೀ ಸವೆದಿತ್ತು, ಪಾಪ. ನೀವು ಅದರ ಕತ್ತು ಹಿಸುಕಿಬಿಟ್ರಿ.”

ಬುಗುರಿ ಹರಿದ ವಾಷರನ್ನು ಅಂಗೈಯಲ್ಲಿಟ್ಟು ನೋಡಿದಳು.

“ಈಗ ಕಿರುಬೆರಳು ಒಳಗೆ ಹಾಕು. ವಾಷರ್ ಕೂರೋ ಜಾಗ ನುಣ್ಣಗಿದೆಯಾ? ಗಾಯ ಏನಾದ್ರೂ?”

ಅವಳು ನಲ್ಲಿಯ ಒಳಗೆ ಬೆರಳಾಡಿಸಿದಳು. “ನುಣ್ಣಗಿದೆ.”

“ಸುತ್ತ ಪೂರ್ತಿ ನೋಡಿದ್ಯಾ? ಅವಸರ ಮಾಡ್ಬೇಡ.”

ಇನ್ನೊಂದು ಸುತ್ತು ಬೆರಳಾಡಿಸಿದಳು. “ಪೂರ್ತಿ ನುಣ್ಣಗಿದೆ ಅಜ್ಜ.”

“ಹಾಗಾದ್ರೆ ನಲ್ಲಿ ಬದುಕ್ತು.”

ಡಬ್ಬಿಯಲ್ಲಿ ಹುಡುಕಿ ಅದೇ ಅಳತೆಯ ವಾಷರ್ ಆರಿಸಿದ್ದು ಅಜ್ಜ. ಕೂರಿಸಿದ್ದು ಬುಗುರಿ. ನಲ್ಲಿಯ ತಲೆ ಹಾಕಿ ನಟ್ ತಿರುಗಿಸುವಾಗ ಅವನು ಹಿಡಿದುಕೊಂಡ, ಅವಳು ಎಳೆದಳು. ಸಾಕು ಎಂದು ಅವನು ಹೇಳಿದ ಕೂಡಲೇ ನಿಲ್ಲಿಸಿದಳು. ಹಿತ್ತಿಲಿಗೆ ಓಡಿ ಕೆಂಪು ವಾಲ್ವ್ ತೆರೆದು ಬಂದಳು. ನಲ್ಲಿ ತಿರುಗಿಸಿದಾಗ ಕೆಮ್ಮಿ, ಗಾಳಿ ಉಗುಳಿ, ನೀರು ಬಂತು.

“ಈಗ ನಿಲ್ಲಿಸು. ಎರಡು ಬೆರಳಲ್ಲಿ. ಅದು ಎಲ್ಲಿ ಸಾಕು ಅನ್ನತ್ತೋ ಅಲ್ಲಿಗೆ ಬಿಡು.”

ಅವಳು ಎರಡೇ ಬೆರಳಲ್ಲಿ ತಿರುಗಿಸಿದಳು. ನೀರು ಸಣ್ಣಗಾಯಿತು. ಒಂದು ಹನಿ ನಲ್ಲಿಯ ತುಟಿಯಲ್ಲಿ ನಿಂತಿತು. ಇಬ್ಬರೂ ಅದನ್ನೇ ನೋಡಿದರು. ಅದು ಬಿತ್ತು. ಅದರ ಹಿಂದೆ ಇನ್ನೊಂದು ಬರಲಿಲ್ಲ.

ಮೂರೂವರೆಗೆ ಅಪ್ಪ ಬಂದು ನೋಡಿದರೆ ಅಡುಗೆಮನೆಯ ನೆಲ ಒದ್ದೆ, ಅಜ್ಜನ ಅಂಗಿ ಒದ್ದೆ, ಮಗಳಂತೂ ಪೂರ್ತಿ ಒದ್ದೆ. “ಇದೇನಪ್ಪಾ ಇದು!” ಎಂದು ಅಲ್ಲೇ ನಿಂತುಬಿಟ್ಟ.

“ಇವತ್ತಿನ ಎಕ್ಸರ್‌ಸೈಜ್ ಆಯ್ತು,” ಎಂದ ಅಜ್ಜ. ಆದರೂ ಅಪ್ಪ ಬಿಡಲಿಲ್ಲ. ಅಂಗಿ ಬದಲಾಯಿಸಿ ಕರೆದುಕೊಂಡು ಹೋದ.

ಸಂಜೆ ಅಮ್ಮ ಬರುವ ಹೊತ್ತಿಗೆ ಅಜ್ಜ ಆಸ್ಪತ್ರೆಯಿಂದ ವಾಪಸ್ ಬಂದು ಮಂಚದ ಮೇಲಿದ್ದ. ಅಮ್ಮ ಕಣ್ಸನ್ನೆಯಲ್ಲೇ ಪ್ಲಂಬರ್ ಬಂದಿದ್ದನಾ ಎಂದು ಕೇಳಿದಳು. “ಬಂದಿದ್ರು,” ಎಂದು ಬುಗುರಿ ಪಿಸುಗುಟ್ಟದೆ ಜೋರಾಗಿಯೇ ಹೇಳಿದಳು. “ಅಜ್ಜನೇ ಒಳಗೆ ಕರೆದ. ನಟ್ ಒಂದು ಸಡಿಲ ಮಾಡಿಕೊಟ್ರು, ಹೋದ್ರು. ನಲ್ಲಿ ರಿಪೇರಿ ಮಾಡಿದ್ದು ನಾವು.”

ಅಮ್ಮ ನಂಬಲಾರದೆ ಸಿಂಕಿನ ಹತ್ತಿರ ಹೋದಳು. ಕೈ ತೊಳೆದು, ರೂಢಿಯಂತೆ ಎರಡೂ ಕೈಯಲ್ಲಿ ನಲ್ಲಿಯನ್ನು ಬಿಗಿಯಾಗಿ ತಿರುಚಲು ಹೋದಳು.

“ಎರಡು ಬೆರಳು ಸಾಕಮ್ಮ,” ಎಂದಳು ಬುಗುರಿ.

ಅಮ್ಮನ ಕೈ ಅಲ್ಲೇ ನಿಂತಿತು. ಅವಳು ನಲ್ಲಿಯ ಬರಿಯ ಬಾಯಿ ನೋಡಿದಳು. ನಡುಮನೆಯ ಕಡೆ ನೋಡಿದಳು. ಅಜ್ಜನ ಮಂಚದ ಕೆಳಗೆ ಚೀಲ ಇತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡು ಬೆರಳಲ್ಲಿ ನಲ್ಲಿ ನಿಲ್ಲಿಸಿದಳು. ಚೀಲವನ್ನು ಅಟ್ಟಕ್ಕೆ ಏರಿಸುವ ಮಾತು ಆಡಲಿಲ್ಲ.

ಬುಗುರಿ ಹೋಗಿ ಮಂಚದ ಮೇಲೆ ಅಜ್ಜನ ಬಲಗಡೆ ಕೂತಳು. ಸುಮ್ಮನೆ ಬಿದ್ದಿದ್ದ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

“ಅಜ್ಜ, ಏನಾದ್ರೂ ಸದ್ದು ಕೇಳಿಸ್ತಿದೆಯಾ?”

ಅಜ್ಜ ಕಣ್ಣು ಮುಚ್ಚಿದ. ಅಡುಗೆಮನೆಯ ಕಡೆ ಕಿವಿ ಕೊಟ್ಟ. ಬುಗುರಿಯೂ ಕಣ್ಣು ಮುಚ್ಚಿ ಕೇಳಿದಳು.

“ಏನೂ ಕೇಳಿಸ್ತಿಲ್ಲ ಮಗು,” ಎಂದ ಅಜ್ಜ.

ಈ ಸಲ ಅದು ನಿಜ ಎಂದು ಅವಳಿಗೆ ಗೊತ್ತಿತ್ತು.